ಸಕ್ಕರೆ ಕಾಯಿಲೆಯ ಕಾಲು ಹುಣ್ಣು: ಮನೆಯಲ್ಲಿ ಪಟ್ಟಿ ಬದಲಿಸುವುದು ಹೇಗೆ?

ವೈದ್ಯರು ಹುಣ್ಣಿನ ಆಳ ನೋಡಿ, ಸತ್ತ ಚರ್ಮ ತೆಗೆದು, ಪಾದಕ್ಕೆ ರಕ್ತ ಸರಿಯಾಗಿ ಬರುತ್ತಿದೆಯೇ ಎಂದು ಪರೀಕ್ಷಿಸಿದ ಮೇಲಷ್ಟೇ ಮನೆಯಲ್ಲಿ ಪಟ್ಟಿ ಬದಲಿಸುವ ಮಾತು. ಎಷ್ಟು ದಿನಕ್ಕೊಮ್ಮೆ ಎಂಬುದನ್ನೂ ಅವರಿಂದಲೇ ಬರೆಸಿಕೊಳ್ಳಿ.

ಸಾಮಾನು ಮೊದಲೇ ಜೋಡಿಸಿಡಿ: ನಾರ್ಮಲ್ ಸಲೈನ್ (ಗಾಯ ತೊಳೆಯುವ ಶುದ್ಧ ಉಪ್ಪುನೀರು), ಸೂಜಿಯಿಲ್ಲದ 20 ಎಂ.ಎಲ್. ಸಿರಿಂಜ್, ಸ್ಟೆರೈಲ್ ಗಾಜ್ (ರೋಗಾಣುರಹಿತ ಜಾಳು ಬಟ್ಟೆ), ಗ್ಲೌಸ್, ಸುತ್ತುವ ಬ್ಯಾಂಡೇಜ್, ಪೇಪರ್ ಟೇಪ್. ಸಲೈನ್ ಬಾಟಲಿ ತೆರೆದರೆ 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ನಮ್ಮ ಕಡೆ ಮನೆಯಲ್ಲಿ ಅರಳೆಗೆ ಬರವಿಲ್ಲ, ಆದರೆ ಅದನ್ನು ಹುಣ್ಣಿನ ಮೇಲೆ ನೇರ ಇಡಬಾರದು. ಎಳೆಗಳು ಒಳಗೇ ಅಂಟಿ ಉಳಿಯುತ್ತವೆ.

ಸೋಪು ಹಚ್ಚಿ ಕೈ ತೊಳೆದು, ಗ್ಲೌಸ್ ಹಾಕಿ ಹಳೆಯ ಪಟ್ಟಿ ಬಿಚ್ಚಿ. ಅಂಟಿದ್ದರೆ ಜಗ್ಗಬೇಡಿ, ಹಾಗೆ ಜಗ್ಗಿದಾಗ ಹೊಸದಾಗಿ ಬೆಳೆದ ಕೆಂಪು ಮಾಂಸವೂ ಕಿತ್ತು ಬರುತ್ತದೆ. ಸಲೈನ್ ಸುರಿದು ಐದು ನಿಮಿಷ ಬಿಟ್ಟರೆ ತಾನೇ ಸಡಿಲಾಗುತ್ತದೆ. ಬಿಚ್ಚಿದ ಪಟ್ಟಿಯನ್ನು ಎಸೆಯುವ ಮುನ್ನ ನೋಡಿ: ಎಷ್ಟು ತೊಯ್ದಿದೆ, ಯಾವ ಬಣ್ಣ, ವಾಸನೆ ಇದೆಯೇ?

ಗ್ಲೌಸ್ ಬದಲಿಸಿ, ಸಿರಿಂಜಿನಿಂದ ಸಲೈನ್ ಹಾಯಿಸಿ ತೊಳೆಯಿರಿ. ಡೆಟಾಲ್, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಬೇಡ, ಅವು ಬೆಳೆಯುವ ಮಾಂಸವನ್ನೇ ಸುಡುತ್ತವೆ. ಅರಿಶಿನ, ಸುಣ್ಣ, ತಂಬಾಕಿನ ಪುಡಿ ಹತ್ತಿರ ಸುಳಿಯಕೂಡದು. ಪಾದವನ್ನು ಬಿಸಿನೀರಲ್ಲಿ ಅದ್ದಿಡುವುದೂ ತಪ್ಪು: ಸ್ಪರ್ಶ ಸತ್ತ ಕಾಲಿಗೆ ನೀರು ಸುಟ್ಟಿದ್ದೂ ಗೊತ್ತಾಗುವುದಿಲ್ಲ. ಸುತ್ತಲಿನ ಚರ್ಮ, ಬೆರಳ ಸಂದು ಮಾತ್ರ ಒತ್ತಿ ಒರೆಸಿ. ವಾರಕ್ಕೊಮ್ಮೆ ಉದ್ದ–ಅಗಲ ಅಳೆದು ಬರೆದಿಡಿ.

ಹುಣ್ಣು ಒಣಗಿದ್ದರೆ ತೇವ ಕೊಡುವ ಹೈಡ್ರೋಜೆಲ್, ನೀರು ಸೋರುತ್ತಿದ್ದರೆ ತೇವ ಹೀರುವ ಫೋಮ್ (ಸ್ಪಂಜಿನಂಥ ಪಟ್ಟಿ) ಅಥವಾ ಆಲ್ಜಿನೇಟ್ (ಕಡಲಪಾಚಿಯಿಂದ ಮಾಡಿದ ಪಟ್ಟಿ). ಒಣ ಹುಣ್ಣಿಗೆ ಆಲ್ಜಿನೇಟ್ ಇಟ್ಟರೆ ಅಂಟಿಕೊಳ್ಳುತ್ತದೆ. ಅಂಚು ಬೆಳ್ಳಗೆ ಮೆತ್ತಗಾಗಿದ್ದರೆ ಪಟ್ಟಿ ತೇವ ಹೀರುತ್ತಿಲ್ಲ ಎಂದರ್ಥ, ಬೇಗ ಬದಲಿಸಬೇಕು. ರಕ್ತ ಬರದೆ ಕಪ್ಪಾಗಿ ಒಣಗಿದ ಭಾಗವನ್ನು ಮಾತ್ರ ತೇವ ಮಾಡಬೇಡಿ. ಬೆಳ್ಳಿಯ ಅಂಶವಿರುವ ದುಬಾರಿ ಪಟ್ಟಿ ಕಟ್ಟಿದರೆ ಬೇಗ ಮಾಯುತ್ತದೆ ಎಂಬ ಭರವಸೆಯೂ ಬೇಡ.

ಪಟ್ಟಿ ಹುಣ್ಣಿನ ಅಂಚಿಗಿಂತ 2–3 ಸೆಂ.ಮೀ. ಹೊರಚಾಚಿರಲಿ. ಬ್ಯಾಂಡೇಜನ್ನು ಬೆರಳ ಬುಡದಿಂದ ಹಿಮ್ಮಡಿ ಗಂಟಿನ ಕಡೆ ಸುತ್ತಿ. ಟೇಪನ್ನು ಬೆರಳ ಸುತ್ತ ಪೂರ್ತಿ ಬಿಗಿಯಬೇಡಿ. ಬಿಗಿಯಾದರೂ ರೋಗಿಗೆ ತಿಳಿಯದು, ಹಾಗಾಗಿ ಅರ್ಧ ಗಂಟೆ ಬಿಟ್ಟು ಬೆರಳ ಬಣ್ಣ ನೀವೇ ನೋಡಿ. ನೀಲಿಗಟ್ಟಿದರೆ, ತಣ್ಣಗಾದರೆ ತಕ್ಷಣ ಸಡಿಲಿಸಿ.

ಬಹಳ ಮನೆಗಳಲ್ಲಿ ಎಡವುವುದು ಇದರ ನಂತರ. ನೋವಿಲ್ಲವಲ್ಲ ಎಂದು ಅದೇ ಕಾಲೂರಿ ಓಡಾಡುತ್ತಾರೆ. ಪ್ರತಿ ಹೆಜ್ಜೆಗೂ ಹುಣ್ಣು ಅರೆಯುತ್ತದೆ, ಮೇಲಿನ ಪಟ್ಟಿ ಏನೂ ಮಾಡಲಾರದು. ಮೆತ್ತಗಿರಲಿ ಎಂದು ಗಾಜ್ ದಪ್ಪ ಮಾಡಿದರೆ ಒತ್ತಡ ಹೆಚ್ಚುತ್ತದೆಯೇ ಹೊರತು ಕಡಿಮೆಯಾಗದು. ಅಂಗಾಲಿನ ಭಾರ ಇಳಿಸುವ ಕ್ಯಾಸ್ಟ್ (ಪ್ಲಾಸ್ಟರಿನಂಥ ಗಟ್ಟಿ ಕವಚ) ಅಥವಾ ವಿಶೇಷ ಚಪ್ಪಲಿಯನ್ನು ವೈದ್ಯರಲ್ಲಿ ಕೇಳಿ ಪಡೆಯಿರಿ, ಮನೆಯೊಳಗೂ ಬಿಡದೆ ಹಾಕಿ. ಈ ಸಲದ ಶೀಗಿ ಹುಣ್ಣಿಮೆಯ ಚರಗವನ್ನು ಮಕ್ಕಳು ಚೆಲ್ಲಲಿ. ಎರೆ ಹೊಲದ ಹೆಂಟೆ ಈ ಕಾಲಿಗಲ್ಲ.

ಹುಣ್ಣಿನ ಅಂಚಿನಿಂದ ಕೆಂಪು 2 ಸೆಂ.ಮೀ. ಮೀರಿ ಹರಡಿದರೆ, ಜ್ವರ, ಕೀವು, ಕೆಟ್ಟ ವಾಸನೆ, ಕಪ್ಪು ಬಣ್ಣ, ಎಲುಬು ಕಂಡರೆ ಅದೇ ದಿನ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಆಸ್ಪತ್ರೆಗೋ ಹತ್ತಿರದ ಜಿಲ್ಲಾಸ್ಪತ್ರೆಗೋ ಹೋಗಿ. ನಾಲ್ಕು ವಾರದಲ್ಲಿ ಹುಣ್ಣು ಅರ್ಧಕ್ಕಾದರೂ ಇಳಿಯದಿದ್ದರೂ ಮರುಪರೀಕ್ಷೆ ಬೇಕು. ಮನೆಯಲ್ಲಿ ಉಳಿದ ಆಂಟಿಬಯೋಟಿಕ್ ನುಂಗಿ ಹೊರಡಬೇಡಿ, ಕೀವಿನ ಕಲ್ಚರ್‌ನಲ್ಲಿ (ರೋಗಾಣು ಬೆಳೆಸಿ ಗುರುತಿಸುವ ಪರೀಕ್ಷೆ) ರೋಗಾಣು ಸಿಗದೆ ಹೋಗಬಹುದು.