ಫೀಡರ್ ಒಂದು, ಮಳೆಮಾಪಕ ಎರಡು

2023ರಲ್ಲಿ ಮುಂಗಾರು ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಜಲಾಶಯಗಳಲ್ಲಿ ನೀರಿಲ್ಲ, ಹಾಗಾಗಿ ಜಲವಿದ್ಯುತ್ತೂ ಕಡಿಮೆ. ಮಳೆಗಾಲದಲ್ಲಿ ಸುಮ್ಮನಿರಬೇಕಾದ ಪಂಪ್‌ಸೆಟ್‌ಗಳು ಮಾತ್ರ ಬೇಸಿಗೆಯಂತೆ ಓಡತೊಡಗಿದವು. ಏಳು ಗಂಟೆ ಸಿಗುತ್ತಿದ್ದ ತ್ರೀ ಫೇಸ್ ಕರೆಂಟು ಐದು ಗಂಟೆಗೆ ಇಳಿದು, ರೈತರು ಬೀದಿಗಿಳಿದ ಮೇಲೆ ಮತ್ತೆ ಏಳಕ್ಕೆ ಬಂತು.

ಇದನ್ನು ಅಭ್ಯಾಸ ಮಾಡಲೆಂದು ಮೂರು ವಿಶ್ವವಿದ್ಯಾಲಯದವರು ಕೂಡಿದೆವು. ಒಬ್ಬರು ಹವಾಮಾನ ವಿಜ್ಞಾನಿ, ಒಬ್ಬರು ಎಲೆಕ್ಟ್ರಿಕಲ್ ಎಂಜಿನಿಯರ್, ನಾನು ಕೃಷಿ ಅರ್ಥಶಾಸ್ತ್ರದವಳು. ಮೊದಲ ಆರು ತಿಂಗಳು ಏನೂ ಆಗಲಿಲ್ಲ ಎಂದೇ ಹೇಳಬೇಕು. ಹವಾಮಾನದವರ ಮಳೆ ಲೆಕ್ಕ ಹೋಬಳಿವಾರು, ಎಂಜಿನಿಯರರ ಲೋಡು (ಕರೆಂಟಿನ ಬೇಡಿಕೆ) ಫೀಡರ್‌ವಾರು, ಅಂದರೆ ಸಬ್‌ಸ್ಟೇಷನ್‌ನಿಂದ ಊರುಗಳಿಗೆ ಹೊರಡುವ ಒಂದೊಂದು ಲೈನಿನ ಲೆಕ್ಕ, ನನ್ನ ಮನೆಮನೆ ಸಮೀಕ್ಷೆ ಊರುವಾರು. ಮೂರು ನಕ್ಷೆಗಳು ಒಂದರ ಮೇಲೊಂದು ಕೂರುತ್ತಲೇ ಇರಲಿಲ್ಲ. 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟು ಉಚಿತ. ಬಹುಪಾಲು ಮೋಟರಿಗೆ ಮೀಟರೇ ಇಲ್ಲ. ಫೀಡರಿನ ರೀಡಿಂಗ್ ಬಿಟ್ಟರೆ ನಂಬಲು ಬೇರೇನೂ ಇರಲಿಲ್ಲ.

ಕೊನೆಗೆ ಮಧುಗಿರಿ ತಾಲ್ಲೂಕಿನ ಒಂದು 11 ಕೆವಿ ಲೈನನ್ನು ನಡೆದೇ ನೋಡಿಬಿಡೋಣ ಎಂದು ಮೂವರೂ ಹೊರಟೆವು. ಲೈನ್‌ಮ್ಯಾನ್ ಮುಂದೆ, ನಾವು ಹಿಂದೆ. ಎರಡು ದಿನ, ಕಂಬದಿಂದ ಕಂಬಕ್ಕೆ. ಪ್ರತಿ ಟಿ.ಸಿ.ಯ (ಟ್ರಾನ್ಸ್‌ಫಾರ್ಮರ್) ನಂಬರು, ಅದು ಯಾವ ಊರಿನ ಎಲ್ಲೆಯಲ್ಲಿದೆ, ಹತ್ತಿರದ ಮಳೆಮಾಪಕ ಯಾವುದು, ಎಲ್ಲವನ್ನೂ ಉದ್ದನೆಯ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ. ಒಂದು ಹಳ್ಳ ದಾಟುವಷ್ಟರಲ್ಲಿ ಹೋಬಳಿ ಬದಲಾಯಿತು, ಲೈನು ಮಾತ್ರ ಅದೇ. ಹಳ್ಳದ ಆಚೆ ಸುರಿದ ಮಳೆ ನಮ್ಮ ಲೆಕ್ಕದಲ್ಲಿ ಅಷ್ಟು ದಿನ ಇರಲೇ ಇಲ್ಲ. ನಮ್ಮ ಜಂಟಿ ಸಂಶೋಧನೆ ನಿಜವಾಗಿ ಶುರುವಾದದ್ದು ಆ ಹಳ್ಳದ ದಂಡೆಯಲ್ಲಿ ಎಂದು ನಾನು ಈಗಲೂ ನಂಬಿದ್ದೇನೆ.

ಅಡಿಕೆ ತೋಟದ ಮೋಟರ್ ಮನೆಯೊಂದರಲ್ಲಿ ಇನ್ನೊಂದು ಸಂಗತಿ ತಿಳಿಯಿತು. ಸ್ಟಾರ್ಟರ್ ಪೆಟ್ಟಿಗೆಯ ಪಕ್ಕ, ಕರೆಂಟು ಬಂದೊಡನೆ ಮೋಟರನ್ನು ತಾನೇ ಚಾಲೂ ಮಾಡುವ ಪುಟ್ಟದೊಂದು ಆಟೋ ಸ್ವಿಚ್, ಕೈಬೆರಳು ತಾಗಿ ತಾಗಿ ಅದರ ಬಣ್ಣ ಸವೆದಿತ್ತು. ತೋಟದ ಅಜ್ಜಿ ಹೇಳಿದರು: "ಕರೆಂಟು ಯಾವಾಗ ಬತ್ತದೋ ಯಾರಿಗ್ ಗೊತ್ತವ್ವ, ಆಟೋದಲ್ಲೇ ಹಾಕಿಟ್ಟಿರ್ತೀವಿ. ಮಳೆ ಬಿದ್ರೆ ಬಂದು ಆಫ್ ಮಾಡ್ತೀವಿ."

ಎಂಜಿನಿಯರ್ ಸ್ನೇಹಿತರು ಅಲ್ಲೇ ಲ್ಯಾಪ್‌ಟಾಪ್ ತೆರೆದರು. ತ್ರೀ ಫೇಸ್ ಬಂದ ನಿಮಿಷವೇ ಲೋಡು ಗೋಡೆಯಂತೆ ನೆಟ್ಟಗೆ ಏಳುತ್ತಿದ್ದುದು ಏಕೆಂದು ಅವರಿಗೆ ತಿಂಗಳುಗಳಿಂದ ಬಿಡಿಸಲಾಗಿರಲಿಲ್ಲ. ಮಳೆ ಕಡಿಮೆಯಾದಂತೆ ಬೇಡಿಕೆ ನಿಧಾನವಾಗಿ ಏರುತ್ತದೆಂದು ನಮ್ಮ ಮಾದರಿ ಭಾವಿಸಿತ್ತು. ನಿಜದಲ್ಲಿ ಮೋಟರು ಓಡುವ ಗಂಟೆಯನ್ನು ನಿರ್ಧರಿಸುವುದು ಸಬ್‌ಸ್ಟೇಷನ್. ಮಳೆ ನಿರ್ಧರಿಸುವುದು ಎಷ್ಟು ಜನ ಆ ಸ್ವಿಚ್ ಆಫ್ ಮಾಡುತ್ತಾರೆ ಎಂಬುದನ್ನು. ಬರದ ವರ್ಷ ಯಾರೂ ಆಫ್ ಮಾಡುವುದಿಲ್ಲ. ಹಾಗಾಗಿ ಎಷ್ಟು ಗಂಟೆ ಎನ್ನುವಷ್ಟೇ ಯಾವ ಗಂಟೆ ಎನ್ನುವುದೂ ಮುಖ್ಯ. ಅದೇ ಜಿಲ್ಲೆಯ ಪಾವಗಡದ 2,050 ಮೆಗಾವ್ಯಾಟ್ ಸೌರ ಪಾರ್ಕ್ ಮಧ್ಯಾಹ್ನ ಉತ್ಪಾದಿಸುವಾಗ ರೈತ ರಾತ್ರಿ ಎರಡಕ್ಕೆ ಹಾವು ಚೇಳಿನ ನಡುವೆ ನೀರು ಕಟ್ಟಬೇಕೇಕೆ? ಫೀಡರುಗಳನ್ನು ಸರದಿಯಲ್ಲಿ ಹಗಲಿಗೆ ತರಬೇಕೆಂಬುದೇ ನಮ್ಮ ವರದಿಯ ತಿರುಳು.

ಕೆಲಸ ಮುಗಿಸಿದ್ದು ಬೇರೆ ಬೇರೆ ವಿಭಾಗದ ಇಬ್ಬರು ಮಾರ್ಗದರ್ಶಕರಿದ್ದ ಒಬ್ಬ ಸಂಶೋಧನಾ ವಿದ್ಯಾರ್ಥಿನಿ. "ನಿಮ್ಮದು ಯಾವ ವಿಭಾಗ?" ಎಂಬ ಒಂದೇ ಪ್ರಶ್ನೆಗೆ ಅವಳ ಒಂದು ಸೆಮಿಸ್ಟರ್ ಹೋಯಿತು. ಆ ನೋವು ನನಗಿನ್ನೂ ಇದೆ. ಜಂಟಿ ಯೋಜನೆಗೆ ಸಹಿ ಹಾಕುವ ಮೊದಲೇ ವಿದ್ಯಾರ್ಥಿಯ ನೋಂದಣಿ ಎಲ್ಲಿ, ಮೌಲ್ಯಮಾಪನ ಯಾರದು ಎಂದು ಬರೆಸಿಕೊಳ್ಳಿ.

ಹೋದ ತಿಂಗಳು ಲೈನ್‌ಮ್ಯಾನ್ ಫೋನ್ ಮಾಡಿದ್ದರು. "ಮೇಡಂ, ನಾಲ್ಕು ಟಿ.ಸಿ. ಹೊಸ ಫೀಡರಿಗೆ ಹೋಗಿವೆ, ನಿಮ್ಮ ಬುಕ್ಕಲ್ಲಿ ತಿದ್ದಿಕೊಳ್ಳಿ." ನಂಬರು ಹೇಳುತ್ತಾ ಹೋದರು, ನಾನು ಬರೆದುಕೊಂಡೆ.