‘ಯಾಕೆ ಹೊಡೆದ’ ಎಂದು ಕೇಳಬಾರದು

ಅಂಕೋಲಾ, ಕುಮಟಾ, ಹೊನ್ನಾವರದ ಕಡಲತಡಿಯ ಊರುಗಳಲ್ಲಿ ಮನೆಯೊಳಗಿನ ದೌರ್ಜನ್ಯದ ಬಗ್ಗೆ ತರಬೇತಿ ನಡೆಸಲು ನಾನು ಆರಿಸಿಕೊಳ್ಳುವುದು ಮಳೆಗಾಲವನ್ನು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಗಂಡಸರು ಮನೆಯಲ್ಲಿರುತ್ತಾರೆ, ಕೈಯಲ್ಲಿ ದುಡ್ಡಿರುವುದಿಲ್ಲ. ಹೊಡೆತಕ್ಕೆ ಬಡತನವೇ ಕಾರಣ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಶಿರಸಿ ಕಡೆಯ ಅಡಿಕೆ ತೋಟದ ದೊಡ್ಡ ಮನೆಗಳ ಒಳಗಿನ ಸಂಗತಿಗಳನ್ನೂ ಕೇಳಿದ್ದೇನೆ. ಆದರೆ ಆ ಎರಡು ತಿಂಗಳು ಎಲ್ಲರಿಗೂ ಕೂತು ಮಾತನಾಡುವಷ್ಟು ಪುರುಸೊತ್ತು ಇರುತ್ತದೆ.

‘ದೌರ್ಜನ್ಯ ತಡೆ’ ಎಂಬ ಬ್ಯಾನರ್ ಕಟ್ಟುವುದಿಲ್ಲ. ಅದರ ಕೆಳಗೆ ಕೂತು ಬಂದವಳನ್ನು ಸಂಜೆ ಮನೆಯಲ್ಲಿ ವಿಚಾರಿಸಿಕೊಳ್ಳುವವರು ಇರುತ್ತಾರೆ. ರೇಷನ್ ಕಾರ್ಡ್, ಪಿಂಚಣಿ, ಸರ್ಕಾರಿ ಸೌಲಭ್ಯಗಳ ಮಾಹಿತಿ ಎಂದು ಕರೆಯುತ್ತೇನೆ, ಆ ಮಾಹಿತಿಯನ್ನು ನಿಜವಾಗಿಯೂ ಕೊಡುತ್ತೇನೆ. ಮೈಕ್ ಹಿಡಿದು ಚೆನ್ನಾಗಿ ಮಾತನಾಡುವವರು ನನಗೆ ಬೇಕಿಲ್ಲ. ‘ಮನಸ್ಸಿಗೆ ಕಷ್ಟವಾದಾಗ ಯಾರ ಹತ್ತಿರ ಹೇಳಿಕೊಳ್ಳುತ್ತೀರಿ’ ಎಂದು ಮೊದಲೇ ಮನೆಮನೆಯಲ್ಲಿ ಕೇಳಿ ಹೆಸರು ಬರೆದುಕೊಳ್ಳುತ್ತೇನೆ. ಬುಟ್ಟಿ ಹೊತ್ತು ಮೀನು ಮಾರುವವರು, ಆಶಾ ಕಾರ್ಯಕರ್ತೆ, ರವಿಕೆ ಹೊಲಿಯುವವರು – ಬರುವ ಹೆಸರುಗಳು ಹೆಚ್ಚಾಗಿ ಇವೇ. ಅಳತೆ ತೆಗೆಯುವಾಗ ತೋಳಿನ ಬಾವು ಮೊದಲು ಕಾಣುವುದು ಟೈಲರ್ ಹೆಂಗಸಿನ ಕಣ್ಣಿಗೇ ಅಲ್ಲವೇ?

ಅರ್ಧ ಹೊತ್ತು ನಾಟಕದಲ್ಲೇ ಹೋಗುತ್ತದೆ. ಒಬ್ಬಳು ಏಟು ತಿಂದು ಬಂದವಳು, ಇನ್ನೊಬ್ಬಳು ಕೇಳಿಸಿಕೊಳ್ಳುವವಳು. ಷರತ್ತು ಒಂದೇ: ‘ಯಾಕೆ ಹೊಡೆದ’ ಎಂದು ಕೇಳಬಾರದು. ಇದು ಎಷ್ಟು ಕಷ್ಟ ಎನ್ನುವುದನ್ನು ಕೂತು ನೋಡಬೇಕು. ಒಮ್ಮೆ ಮೀನು ಮಾರುವ ಅಕ್ಕ ಒಬ್ಬರು ಬಾಯಿ ತೆರೆದ ಕೂಡಲೇ, ‘ನೀನು ಎದುರುತ್ತರ ಕೊಟ್ಟಿರಬೇಕು’ ಎಂದರು. ಎಲ್ಲರೂ ನಕ್ಕರು. ಎರಡನೇ ಸಲ, ‘ಮಕ್ಕಳ ಮುಖ ನೋಡಿಯಾದರೂ ಸುಧಾರಿಸಿಕೊಂಡು ಹೋಗು ತಂಗಿ’ ಎಂದರು. ಈ ಸಲ ಯಾರೂ ನಗಲಿಲ್ಲ, ಏಕೆಂದರೆ ಆ ಮಾತನ್ನು ಅಲ್ಲಿದ್ದ ಎಲ್ಲರೂ ಒಂದಲ್ಲ ಒಂದು ದಿನ ಹೇಳಿದ್ದವರು ಅಥವಾ ಹೇಳಿಸಿಕೊಂಡವರು. ಮೂರನೇ ಸಲ ಬಹಳ ಹೊತ್ತು ಸುಮ್ಮನಿದ್ದು, ‘ಮೊದಲು ನೀರು ಕುಡಿ. ಈಗ ಮನೆಗೆ ಹೋಗಲು ಹೆದರಿಕೆಯಾಗುತ್ತದೆಯೇ?’ ಎಂದರು. ನಾನು ಕಲಿಸಬೇಕಾಗಿದ್ದುದು ಅಷ್ಟನ್ನೇ.

ಆಮೇಲೆ ಕೇಳಬೇಕಾದವು ಕೆಲವೇ ಪ್ರಶ್ನೆಗಳು. ಮಕ್ಕಳು ಎಲ್ಲಿದ್ದಾರೆ? ಕತ್ತಿ ತೋರಿಸಿದನೇ? ಕುತ್ತಿಗೆ ಹಿಸುಕಿದನೇ? ಕೊನೆಯ ಪ್ರಶ್ನೆಯ ಮೇಲೆ ನಾನು ತುಂಬ ಹೊತ್ತು ನಿಲ್ಲುತ್ತೇನೆ. ಕುತ್ತಿಗೆ ಹಿಸುಕಿದಾಗ ಹೊರಗೆ ಕಲೆಯೇ ಕಾಣದಿರಬಹುದು. ಧ್ವನಿ ಒಡೆಯುವುದು, ಉಗುಳು ನುಂಗಲು ನೋವಾಗುವುದು, ಕಣ್ಣಿನ ಬಿಳಿಯಲ್ಲಿ ಕೆಂಪು ಚುಕ್ಕೆ ಕಾಣುವುದು ಇವನ್ನು ನೋಡಬೇಕು. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಒಮ್ಮೆ ಕುತ್ತಿಗೆಗೆ ಕೈ ಹಾಕಿದವನಿಂದ ಜೀವಕ್ಕೇ ಅಪಾಯ ಹೆಚ್ಚು. ಇದು ಗೊತ್ತಾದ ಮೇಲೆ ‘ಒಂದು ಏಟು ತಾನೆ’ ಎನ್ನುವವರ ಮುಖ ಬದಲಾಗುತ್ತದೆ.

ಕಾನೂನಿನ ಪಾಠ ಚಿಕ್ಕದು. ಹೆಂಗಸರು ದೂರು ಕೊಡಲು ಹಿಂಜರಿಯುವುದು ಎರಡು ಹೆದರಿಕೆಯಿಂದ: ಗಂಡ ಜೈಲಿಗೆ ಹೋದರೆ ಅನ್ನಕ್ಕೇನು, ಮನೆ ಬಿಟ್ಟರೆ ಎಲ್ಲಿಗೆ ಹೋಗುವುದು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಇವೆರಡಕ್ಕೂ ಉತ್ತರವಿದೆ. ಅದರಲ್ಲಿ ಮೊದಲು ಸಿಗುವುದು ರಕ್ಷಣೆಯ ಆದೇಶ, ಅದೇ ಮನೆಯಲ್ಲಿ ವಾಸಿಸುವ ಆದೇಶ, ಖರ್ಚಿಗೆ ಹಣ. ರಕ್ಷಣೆಯ ಆದೇಶವನ್ನು ಮುರಿದರೆ ಮಾತ್ರ ಆ ಕಾಯ್ದೆಯಡಿ ಜೈಲಿನ ಮಾತು. ಮನೆ ಯಾರ ಹೆಸರಿನಲ್ಲಿದ್ದರೂ ಅವಳಿಗೆ ಅಲ್ಲಿರುವ ಹಕ್ಕಿದೆ. ಗಂಡನ ಮನೆ ಕುಮಟಾದಲ್ಲಿದ್ದು ಅವಳು ದೇವಿಮನೆ ಘಟ್ಟ ಹತ್ತಿ ಶಿರಸಿಯ ತವರಿಗೆ ಬಂದಿದ್ದರೆ, ಶಿರಸಿಯಲ್ಲೇ ಅರ್ಜಿ ಹಾಕಬಹುದು. ಅರ್ಜಿ ಬರೆಸಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯನ್ನು ಕಾಣಬೇಕು. ಈ ಕಾಯ್ದೆಯಡಿ ಹೆಂಗಸರಿಗೆ ನೆರವಾಗಬೇಕಾದ ಸಂರಕ್ಷಣಾಧಿಕಾರಿಯ ಕೆಲಸವೂ ನಮ್ಮ ರಾಜ್ಯದಲ್ಲಿ ಅವರದೇ. ಅವರ ಮೇಜಿನ ಮೇಲೆ ಅಂಗನವಾಡಿಯ ಫೈಲುಗಳು ರಾಶಿ ಬಿದ್ದಿರುತ್ತವೆ, ಆದ್ದರಿಂದ ಏನು, ಯಾವ ದಿನ, ಯಾರೆದುರು ನಡೆಯಿತು ಎಂದು ಚೀಟಿಯಲ್ಲಿ ಬರೆದುಕೊಂಡೇ ಹೋಗಿ ಎನ್ನುತ್ತೇನೆ. ವಕೀಲರ ಖರ್ಚಿಲ್ಲ, ಆದಾಯ ಎಷ್ಟೇ ಇದ್ದರೂ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ನೆರವು ಉಚಿತ. ಮಹಿಳಾ ಸಹಾಯವಾಣಿ 181 ಮತ್ತು ತುರ್ತು ಕರೆಯ 112 ಎಲ್ಲರಿಗೂ ಬಾಯಿಪಾಠ.

ಅತ್ಯಾಚಾರದ ವಿಷಯ ಬಂದಾಗ ಸಭೆ ತಲೆ ತಗ್ಗಿಸುತ್ತದೆ. ನಾನು ಕೆಲಸದ ಮಾತನ್ನಷ್ಟೇ ಹೇಳುತ್ತೇನೆ. ಸಾಧ್ಯವಾದರೆ ಸ್ನಾನ ಮಾಡಿಸಬೇಡಿ. ಮಾಡಿದ್ದರೂ ಪರವಾಗಿಲ್ಲ, ಆಸ್ಪತ್ರೆಗೆ ಹೋಗಿ. ಬಟ್ಟೆಯನ್ನು ಪ್ಲಾಸ್ಟಿಕ್‌ನಲ್ಲಿ ಕಟ್ಟಬೇಡಿ, ಕಾಗದದಲ್ಲಿ ಸುತ್ತಿ. ನಮ್ಮ ಮಳೆಗಾಲದ ತೇವದಲ್ಲಿ ಪ್ಲಾಸ್ಟಿಕ್ ಒಳಗಿನ ಬಟ್ಟೆ ಬೂಸಲು ಹಿಡಿದು ಸಾಕ್ಷ್ಯ ಕೆಡುತ್ತದೆ. ಗರ್ಭ ನಿಲ್ಲದಂತೆ, ಎಚ್‌ಐವಿ ತಗಲದಂತೆ ಕೊಡುವ ಔಷಧಿ 72 ಗಂಟೆಯೊಳಗೆ ಸಿಗಬೇಕು. ಸರ್ಕಾರಿಯಾಗಲಿ ಖಾಸಗಿಯಾಗಲಿ, ದೂರು ದಾಖಲಾಗಿಲ್ಲವೆಂದು ಆಸ್ಪತ್ರೆ ವಾಪಸ್ ಕಳುಹಿಸುವಂತಿಲ್ಲ, ಹಣ ಕೇಳುವಂತಿಲ್ಲ.

ಗಂಡಸರ ಜೊತೆ ಬಲೆ ಹೆಣೆಯುವ ಚಪ್ಪರದಲ್ಲೇ ಕೂರುತ್ತೇನೆ. ಕೈಗೆ ಕೆಲಸವಿದ್ದರೆ ಅವರ ಬಾಯಿ ಸಡಿಲವಾಗುತ್ತದೆ. ಪಕ್ಕದ ಮನೆಯಲ್ಲಿ ಕಿರುಚಾಟ ಕೇಳಿದರೆ ಏನು ಮಾಡುತ್ತೀರಿ ಎಂದರೆ, ‘ಗಂಡ-ಹೆಂಡತಿ ಜಗಳ, ನಮಗೇಕೆ’ ಎಂಬ ಉತ್ತರ ಸಿದ್ಧವಿರುತ್ತದೆ. ಯಾರು ಬೇಕಾದರೂ ಮಾಹಿತಿ ಕೊಡಬಹುದು, ಒಳ್ಳೆಯ ಮನಸ್ಸಿನಿಂದ ಕೊಟ್ಟವರ ಮೇಲೆ ಕೇಸು ಬೀಳುವುದಿಲ್ಲ ಎಂದು ಕಾಯ್ದೆಯೇ ಹೇಳಿದೆ ಎಂದಾಗ ಸ್ವಲ್ಪ ಮೆತ್ತಗಾಗುತ್ತಾರೆ. ಒಬ್ಬರು ದಾರವನ್ನು ಹಲ್ಲಿನಲ್ಲಿ ಕಚ್ಚಿ ತುಂಡು ಮಾಡುತ್ತಾ, ‘ನಾನು ಬಾಗಿಲು ತಟ್ಟಿ, ನಾಳೆ ಬಲೆ ಎಳೆಯಲು ಬರುತ್ತೀಯಾ ಎಂದು ಕೇಳುತ್ತೇನೆ. ಅಷ್ಟರಲ್ಲಿ ಎತ್ತಿದ ಕೈ ಇಳಿದಿರುತ್ತದೆ’ ಎಂದರು. ಇದಕ್ಕಿಂತ ಒಳ್ಳೆಯ ಉಪಾಯವನ್ನು ನಾನು ಯಾವ ಕೈಪಿಡಿಯಲ್ಲೂ ಓದಿಲ್ಲ. ಈಗ ಎಲ್ಲ ಊರಿನಲ್ಲೂ ಅದನ್ನೇ ಹೇಳುತ್ತೇನೆ.

ಊರ ಹಿರಿಯರು ಬೇರೆ ಮಾತು. ಕೂರಿಸಿ ರಾಜಿ ಮಾಡಿಸಿ, ಮುಚ್ಚಳಿಕೆ ಬರೆಸಿಕೊಂಡು ಕಳುಹಿಸುವುದು ಅವರ ಪದ್ಧತಿ. ಆ ಕಾಗದದಿಂದ ಏಟು ನಿಂತದ್ದನ್ನು ನಾನು ಕಂಡಿಲ್ಲ. ಅವರೊಂದಿಗೆ ವಾದಕ್ಕೆ ಇಳಿಯದೆ ಒಂದು ಗೆರೆ ಮಾತ್ರ ಎಳೆಯುತ್ತೇನೆ: ಹದಿನೆಂಟು ತುಂಬದ ಮಗುವಿನ ಮೇಲಿನ ಲೈಂಗಿಕ ದೌರ್ಜನ್ಯದಲ್ಲಿ ರಾಜಿ ಎಂಬುದೇ ಇಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ಗೊತ್ತಿದ್ದೂ ತಿಳಿಸದಿರುವುದೇ ಅಪರಾಧ. ಪಂಚಾಯಿತಿಗೆ ಕೂತವರೂ ಅದರಲ್ಲಿ ಸಿಕ್ಕಿಬೀಳುತ್ತಾರೆ ಎಂದಾಗ ಕೇಳಿಸಿಕೊಳ್ಳುತ್ತಾರೆ.

ಹೆಚ್ಚು ಅಡ್ಡಿ ಬರುತ್ತಿದ್ದುದು ಅತ್ತೆಯರಿಂದ. ‘ಸೊಸೆಯಂದಿರಿಗೆ ಕೋರ್ಟು ಕಲಿಸಲು ಬಂದಿದ್ದೀರಾ’ ಎಂದು ಬಾಗಿಲಲ್ಲೇ ಕೇಳಿದವರಿದ್ದಾರೆ. ಒಂದು ಊರಿನಲ್ಲಿ ವಯಸ್ಸಾದ ತಾಯಿ ಒಬ್ಬರು ಎಲ್ಲರೂ ಎದ್ದು ಹೋದ ಮೇಲೆ ಉಳಿದುಕೊಂಡು, ‘ಕುಡಿದು ಹೊಡೆಯುವವನು ಮಗನಾದರೆ ಈ ಕಾನೂನು ನಡೆಯುತ್ತದೆಯೇ?’ ಎಂದು ಕೇಳಿದರು. ನಡೆಯುತ್ತದೆ. ಒಂದೇ ಮನೆಯಲ್ಲಿ ಬಾಳುವ ತಾಯಿ, ಅಕ್ಕ, ತಂಗಿ, ವಿಧವೆ ಅತ್ತಿಗೆ ಎಲ್ಲರಿಗೂ ಅದು ಅನ್ವಯಿಸುತ್ತದೆ. ಅಂದಿನಿಂದ ಕ್ರಮ ಬದಲಿಸಿದೆ. ಯಾವ ಊರಿಗೆ ಹೋದರೂ ಮೊದಲು ಅತ್ತೆಯರನ್ನು ಕೂರಿಸಿ ಈ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮರುವಾರ ಸೊಸೆಯಂದಿರನ್ನು ಅವರೇ ಕಳುಹಿಸುತ್ತಾರೆ.