ರೆಸ್ಯೂಮೆಯ ವೃತ್ತಿ ಸಾರಾಂಶ: ಕಾಸರಗೋಡಿನ ಉದ್ಯೋಗಾರ್ಥಿಗಳಿಗೆ

ಹೆಸರು ಮತ್ತು ಫೋನ್ ಸಂಖ್ಯೆಯ ಕೆಳಗೆ ಬರುವ ವೃತ್ತಿ ಸಾರಾಂಶವು ಮೂರು, ನಾಲ್ಕು ಸಾಲುಗಳನ್ನು ಮೀರಬಾರದು. ಮಾಡಿರುವ ಕೆಲಸ, ಅನುಭವದ ವರ್ಷಗಳು, ಒಂದು ಸಾಧನೆ ಮತ್ತು ಬಯಸಿದ ಹುದ್ದೆಗೆ ಅವುಗಳ ಸಂಬಂಧ ಅದರಲ್ಲಿರಬೇಕು. 'ಶ್ರಮಜೀವಿ', 'ಪ್ರಾಮಾಣಿಕ' ಎಂಬ ವಿಶೇಷಣಗಳನ್ನು ಯಾರು ಬೇಕಾದರೂ ಬರೆಯಬಹುದಾದ್ದರಿಂದ ಅವುಗಳಿಂದ ಪ್ರಯೋಜನವಿಲ್ಲ, ಬದಲಾಗಿ 'ಅಡಿಕೆ ವ್ಯಾಪಾರ ಸಂಸ್ಥೆಯಲ್ಲಿ 4 ವರ್ಷ ಲೆಕ್ಕಪತ್ರ ನಿರ್ವಹಣೆ, ಟ್ಯಾಲಿಯಲ್ಲಿ ಪರಿಣತಿ, ಜಿಎಸ್‌ಟಿ ರಿಟರ್ನ್‌ಗಳ ಸ್ವತಂತ್ರ ಸಲ್ಲಿಕೆ' ಎಂದು ಬರೆಯಿರಿ.

ನಮ್ಮ ಜಿಲ್ಲೆಯ ಕನ್ನಡಿಗರು ರೆಸ್ಯೂಮೆಯ ಕೊನೆಗೆ ತಳ್ಳಿಬಿಡುವ ಭಾಷಾಜ್ಞಾನವು ನಿಜವಾಗಿ ಮೇಲೆಯೇ ಇರಬೇಕಾದ ಅರ್ಹತೆ. ಮಂಗಳೂರಿನ ಆಸ್ಪತ್ರೆಗಳಿಗೆ ಕಾಸರಗೋಡಿನಿಂದ ಮಲಯಾಳಂ ಮಾತನಾಡುವ ರೋಗಿಗಳೂ ಹೋಗುವುದರಿಂದ, ಅಲ್ಲಿನ ಸ್ವಾಗತ ವಿಭಾಗದ ಹುದ್ದೆಗೆ ಅರ್ಜಿ ಹಾಕುವವರು ಕನ್ನಡ, ತುಳು, ಮಲಯಾಳಂ ಮೂರರಲ್ಲೂ ವ್ಯವಹರಿಸಬಲ್ಲೆವೆಂಬುದನ್ನು ಸಾರಾಂಶದಲ್ಲೇ ತಿಳಿಸುವುದು ಒಳ್ಳೆಯದು. ಆದರೆ ಕನ್ನಡ ಮಾಧ್ಯಮದಲ್ಲಿ ಕಲಿತು, ಮಲಯಾಳಂ ಮಾತನಾಡಲು ಮಾತ್ರ ಬರುವುದಾದರೆ ಹಾಗೆಯೇ ನಮೂದಿಸಿ. ಬರೆಯಲು ಬರುತ್ತದೆಂದು ಹೇಳಿಕೊಂಡರೆ ಸಂದರ್ಶನದಲ್ಲಿ ಕಷ್ಟವಾದೀತು.

ಹೊಸಬರು ಅನುಭವದ ಜಾಗದಲ್ಲಿ ಪದವಿ ಮತ್ತು ಪ್ರಾಜೆಕ್ಟನ್ನು ಹೇಳಬಹುದು. ಪ್ರತಿ ಅರ್ಜಿಗೂ ಮುನ್ನ ಜಾಹೀರಾತನ್ನು ಮತ್ತೊಮ್ಮೆ ಓದಿ, ಅದರಲ್ಲಿ ಕೇಳಿರುವ ಕೌಶಲ ನಿಮ್ಮಲ್ಲಿದ್ದರೆ ಅದನ್ನೇ ಮೊದಲ ಸಾಲಿಗೆ ತನ್ನಿ.